ತೊಡೆ: ಬಳಿದದ್ದೂ ಅದೇ, ಒರೆಸಿದ್ದೂ ಅದೇ

ಹಳೆಯ ಕನ್ನಡದಲ್ಲಿ 'ತೊಡೆ' ಎಂದರೆ ಬಳಿಯುವುದೂ ಹೌದು, ಅಳಿಸುವುದೂ ಹೌದು. ಇಂದಿನ ಕನ್ನಡದಲ್ಲಿ ಅದೇ ಮಾತಿಗೆ ಅಳಿಸಿಹಾಕುವುದು ಎಂಬ ಅರ್ಥವಷ್ಟೇ ಉಳಿದಿದೆ. ಮರೆಯಾದ ಅರ್ಥವನ್ನು ಹುಡುಕಿ ಹೊರಟರೆ ಮಲೆನಾಡಿನ ಒಲೆಯಿಂದ ಹಲಸೂರಿನ ಪೊರಕೆಯವರೆಗೆ, ಶಿವಾಜಿನಗರದ ಪ್ರಾರ್ಥನೆಯಿಂದ ದೊಮ್ಮಲೂರಿನ ಶಾಸನದವರೆಗೆ ದಾರಿ ತೆರೆಯುತ್ತದೆ.

ಬೆಂಗಳೂರಿನ ಹಲಸೂರಿನಲ್ಲಿ, ನಮ್ಮ ಬೀದಿಯಲ್ಲಿ ಬೆಳಗಾಗುವುದು ಪೊರಕೆಯ ಸದ್ದಿನಿಂದ. ಪಕ್ಕದ ಮನೆಯ ಹಿರಿಯಾಕೆಯನ್ನು ಬೀದಿಯವರೆಲ್ಲ 'ಅಕ್ಕ' ಎಂದೇ ಕರೆಯುವುದು. ಸೂರ್ಯ ಮೂಡುವ ಮೊದಲೇ ಅವರು ಬಾಗಿಲು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ ಮುಗಿಸಿರುತ್ತಾರೆ. ಮನೆಯೊಳಗೆ ಅವರದು ತಮಿಳು, ನನ್ನ ಜೊತೆ ಕನ್ನಡ. ಪೊರಕೆಗೆ ಮಾತ್ರ ಯಾರ ಜೊತೆಗಾದರೂ 'ತೊಡಪ್ಪಂ' ಎಂದೇ ಅನ್ನುವುದು.

ಆಲೆಮನೆಯ ದಿನಗಳಲ್ಲಿ ಒಮ್ಮೆ ಶಿರಸಿಯಿಂದ ಅತ್ತಿಗೆ ಕಳಿಸಿದ ಡಬ್ಬಿ ಬಂತು. ಒಳಗೆ ನಾಲ್ಕು ಮಡಿಕೆಯಾಗಿ ಮಡಿಚಿದ, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳ್ಳಗಿನ ಹಾಳೆಗಳು. ಎರಡನ್ನು ತಟ್ಟೆಯಲ್ಲಿಟ್ಟು ಅಕ್ಕನಿಗೆ ಕೊಟ್ಟೆ.

"ಇದೇನಮ್ಮಾ, ಅಪ್ಪಳಾನಾ?"

"ಅಲ್ಲ ಅಕ್ಕಾ, ಸಿಹಿ. ತೊಡೆದೇವು ಅಂತಾರೆ."

"ತೊಡೆ... ಅಂದ್ರೆ ತೊಡಚ್ಚಿದ್ದಾ? ಒರೆಸಿದ್ದಾ?"

"ಒರೆಸಿದ್ದಲ್ಲ, ಬಳಿದದ್ದು" ಎಂದೆ. ಅಂದ ಮೇಲೆ ಮಾತು ಗಂಟಲಲ್ಲೇ ನಿಂತಿತು. ಅವರ ಕೈಯಲ್ಲಿದ್ದ ಪೊರಕೆಯಲ್ಲೂ ನನ್ನ ತಟ್ಟೆಯಲ್ಲಿದ್ದ ತಿಂಡಿಯಲ್ಲೂ ಇದ್ದದ್ದು ಒಂದೇ ಮಾತು. ಅಲ್ಲಿ ಅದು ಕಸ ತೆಗೆಯುತ್ತದೆ, ಇಲ್ಲಿ ಹಿಟ್ಟು ಹಚ್ಚುತ್ತದೆ. ಒಂದು ಮಾತು ಇಷ್ಟು ವಿರುದ್ಧವಾದ ಎರಡು ಕೆಲಸ ಹೇಗೆ ಮಾಡೀತು? ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬೋರಲು ಮಡಕೆಯ ಮೇಲೆ ಉಳಿದ ಅರ್ಥ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಮತ್ತು ಪಕ್ಕದ ಸಾಗರ ಸೀಮೆಯಲ್ಲಿ ಕಬ್ಬು ನುರಿಸುವ ಕಾಲ ಬಂತೆಂದರೆ ತೊಡೆದೇವಿನ ಕಾಲವೂ ಬಂತು. ಬೇಕಾಗುವುದು ಹೆಚ್ಚೇನಿಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನಹಾಲಿನಲ್ಲಿ ನೀರಾಗಿ ಕಲಸಬೇಕು, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಹಾಕಬೇಕು. ಕಬ್ಬಿನಹಾಲು ಸಿಗದಾಗ ಬೆಲ್ಲ. ಕಷ್ಟವೆಲ್ಲ ಇರುವುದು ಮಡಕೆಯ ಮುಂದೆ. ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲಾಗಿ ಕೂರಿಸಿ, ಉರಿ ಒಳಗಿನಿಂದ ಅದರ ಬೆನ್ನನ್ನು ಕಾಯಿಸುವಂತೆ ಮಾಡುತ್ತಾರೆ. ಬೆನ್ನಿಗೆ ಜಿಡ್ಡು ಸವರಿ, ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಬೀಸಿಗೆ ಎಳೆಯುತ್ತಾರೆ. ಬಟ್ಟೆ ಹಾದುಹೋದ ದಾರಿಯಲ್ಲಿ ತೆಳುವಾದ ಪೊರೆ ನಿಲ್ಲುತ್ತದೆ, ಕ್ಷಣಗಳಲ್ಲಿ ಬೇಯುತ್ತದೆ. ಬಿಸಿ ಇರುವಾಗಲೇ ಎಬ್ಬಿಸಿ ಮಡಿಚಬೇಕು. ತಡವಾದರೆ ಮುರಿಯುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ಹದವಾಗಿ ಒಣಗಿದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ತುಪ್ಪ ಹಾಕಿ, ಬಿಸಿ ಹಾಲು ಹುಯ್ದು ತಿನ್ನುವುದು ರೂಢಿ.

ಈ ತಿಂಡಿಗೆ ಹೆಸರು ಬಂದದ್ದು ಒಳಗಿನ ಸಾಮಾನಿನಿಂದಲೂ ಅಲ್ಲ, ರುಚಿಯಿಂದಲೂ ಅಲ್ಲ. ಆ ಒಂದು ಬೀಸಿನಿಂದ. ತೊಡೆದದ್ದು, ಎಂದರೆ ತೆಳುವಾಗಿ ಬಳಿದದ್ದು, ತೊಡೆದೇವು. ಅದೇ ಸೀಮೆಯಲ್ಲಿ ತೆಳ್ಳನೆಯ ದೋಸೆಗೆ ತೆಳ್ಳೇವು ಎನ್ನುತ್ತಾರೆ, ಎರಡೂ ಹೆಸರು ಒಂದೇ ಅಚ್ಚಿನವು. ಬರೆಯುವ ಕನ್ನಡ ಕೈಬಿಟ್ಟ ಅರ್ಥವೊಂದನ್ನು ಅಡುಗೆಮನೆ ತನ್ನ ಮಡಕೆಯ ಬೆನ್ನ ಮೇಲೆ ಉಳಿಸಿಕೊಂಡು ಬಂದಿದೆ.

ಬಂಗಾಳಕೊಲ್ಲಿಯ ಕಡೆ ಹೋದರೆ ಇದರ ಒಡಹುಟ್ಟು ಸಿಗುತ್ತದೆ. ಆಂಧ್ರದ ಕೋನಸೀಮೆಯ ಆತ್ರೇಯಪುರದಲ್ಲಿ ಮಾಡುವ ಪೂತರೇಕುಲು ಕೂಡ ಬೋರಲು ಮಡಕೆಯ ಮೇಲೆ ಹಿಟ್ಟಿನ ಬಟ್ಟೆ ಎಳೆದು ತೆಗೆಯುವ ಹಾಳೆಯೇ. ಆ ಊರಿನ ಪೂತರೇಕುಲುವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ತೆಲುಗಿನಲ್ಲಿ 'ಪೂತ' ಎಂದರೆ ಲೇಪ, 'ರೇಕು' ಎಂದರೆ ಎಸಳು, ತಗಡಿನಂಥ ತೆಳು ಹಾಳೆ. ಲೇಪದ ಎಸಳು! ಆ 'ಪೂತ'ದ ಕುಲದ್ದೇ ತಮಿಳಿನ 'ಪೂಸು', ಹಳಗನ್ನಡದ 'ಪೂಸು'. ಎರಡು ಸೀಮೆ, ಎರಡು ನುಡಿ. ಆದರೂ ಎರಡು ಕಡೆಯ ಹೆಂಗಸರೂ ತಮ್ಮ ಕೈ ಮಾಡಿದ ಕೆಲಸದ ಹೆಸರನ್ನೇ ತಿಂಡಿಗೆ ಇಟ್ಟರು.

ಬರೆದ ತಮಿಳು, ಬೀದಿಯ ತಮಿಳು, ನಮ್ಮ ಕನ್ನಡ

ಹಲಸೂರು ಸೇರಿದ ದಂಡು ಪ್ರದೇಶದಲ್ಲಿ, ಎಂದರೆ ಹಳೆಯ ಕಂಟೋನ್ಮೆಂಟಿನಲ್ಲಿ, ಕನ್ನಡ ಪದವೊಂದರ ಬೆನ್ನುಹತ್ತುವವರಿಗೆ ಒಬ್ಬ ಹಿರಿಯರ ಕಾವಲಿದೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಪ್ರತಿಮೆಯಿದೆ. ಆಸ್ಟಿನ್ ಟೌನಿಗೂ ಕಿಟ್ಟೆಲ್ ನಗರ ಎಂದು ಅವರ ಹೆಸರನ್ನೇ ಇಟ್ಟರು. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, ಮಿಷನರಿಯಾಗಿ ಬಂದು, ಸುಮಾರು 70,000 ಪದಗಳ ಕನ್ನಡ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದವರು ಅವರು. ಹಳೆಯ ನಿಘಂಟುಗಳನ್ನು ತೆರೆದವರಿಗೆ 'ತೊಡೆ' ಎಂಬ ಕ್ರಿಯಾಪದದ ಎದುರು ಎರಡು ಗುಂಪಿನ ಅರ್ಥ ಕಾಣುತ್ತದೆ. ಒಂದು, ಬಳಿ, ಲೇಪಿಸು, ಪೂಸು. ಇನ್ನೊಂದು, ಒರಸು, ಅಳಿಸು, ಇಲ್ಲವಾಗಿಸು. ಕಾಲಿನ ಭಾಗವಾದ ತೊಡೆ ಬೇರೆಯ ಪದ, ಅದಕ್ಕೂ ಇದಕ್ಕೂ ನೆಂಟಸ್ತನವಿಲ್ಲ.

ಇಂದು ನಾವು ಕಣ್ಣೀರು ತೊಡೆಯುತ್ತೇವೆ, ಬಡತನ ತೊಡೆದುಹಾಕುತ್ತೇವೆ, ಅಸ್ಪೃಶ್ಯತೆಯನ್ನು ತೊಡೆದುಹಾಕಲು ಪಣ ತೊಡುತ್ತೇವೆ. ಗಂಧ ತೊಡೆದ ಎಂದು ಯಾರಾದರೂ ಬರೆದರೆ ಹಚ್ಚಿದ ಗಂಧವನ್ನು ಒರೆಸಿಕೊಂಡನೆಂದೇ ಓದುತ್ತೇವೆ. ಹಳಗನ್ನಡದ ಓದುಗರಿಗಾದರೆ ಅಲ್ಲಿ ನಿಂತು, ಮುಂದಿನ ಮಾತನ್ನು ನೋಡಿ, ಗಂಧ ಬಂತೋ ಹೋಯಿತೋ ತಿಳಿಯಬೇಕಾಗುತ್ತಿತ್ತು.

ಸುತ್ತಲಿನ ನುಡಿಗಳನ್ನು ಕೇಳಿ ನೋಡಿ. ಬರೆಯುವ ತಮಿಳಿನಲ್ಲಿ ಒರೆಸುವುದಕ್ಕೆ 'ತುಡೈ' ಎನ್ನುತ್ತಾರೆ, ಅದರಿಂದಲೇ ಪೊರಕೆಗೆ 'ತುಡೈಪ್ಪಂ'. ತೆಲುಗಿನಲ್ಲಿ ಒರೆಸುವುದು 'ತುಡುಚು'. ಟಿ. ಬರೋ ಮತ್ತು ಎಂ.ಬಿ. ಎಮೆನೋ ಸೇರಿ 1961ರಲ್ಲಿ ತಂದು, 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಪದಮೂಲಗಳ ನಿಘಂಟು ಇಂಥ ಒಡಹುಟ್ಟುಗಳನ್ನು ಸಾಲಾಗಿ ನಿಲ್ಲಿಸುವ ಗ್ರಂಥ. ಹಾಗಾದರೆ ತಮಿಳಿನ 'ತು' ನಮ್ಮಲ್ಲಿ 'ತೊ' ಆದದ್ದು ಹೇಗೆ? ಇದಕ್ಕೊಂದು ಕ್ರಮವಿದೆ. ಮುಂದಿನ ಅಕ್ಷರದಲ್ಲಿ ಅ ಅಥವಾ ಐ ಇದ್ದರೆ ಬರೆಯುವ ತಮಿಳಿನ ಉಕಾರಕ್ಕೆ ಎದುರಾಗಿ ಕನ್ನಡದಲ್ಲಿ ಒಕಾರ ನಿಲ್ಲುತ್ತದೆ. ಅಲ್ಲಿ ಕುಡೈ, ಇಲ್ಲಿ ಕೊಡೆ. ಅಲ್ಲಿ ಪುಗೈ, ಇಲ್ಲಿ ಹೊಗೆ. ಅಲ್ಲಿ ಉಡಲ್, ಇಲ್ಲಿ ಒಡಲು. ಅದೇ ಸಾಲಿನಲ್ಲಿ ಅಲ್ಲಿ ತುಡೈ, ಇಲ್ಲಿ ತೊಡೆ.

ಇದು ಪುಸ್ತಕದ ತಮಿಳು. ನಮ್ಮ ಬೀದಿಯ ಅಕ್ಕ ಪುಸ್ತಕದಂತೆ ಮಾತಾಡುವುದಿಲ್ಲ. ಅವರ ಬಾಯಲ್ಲಿ ಕುಡೈ 'ಕೊಡ' ಆಗುತ್ತದೆ, ಪುಗೈ 'ಪೊಗ' ಆಗುತ್ತದೆ, ಮೈ ಎಂಬ ಅರ್ಥದ ಉಡಂಬು 'ಒಡಂಬು' ಆಗುತ್ತದೆ, ತುಡೈಪ್ಪಂ 'ತೊಡಪ್ಪಂ' ಆಗುತ್ತದೆ. ಆಡುವ ತಮಿಳು ಬರೆಯುವ ತಮಿಳನ್ನು ಬಿಟ್ಟು ಕನ್ನಡದ ಮಗ್ಗುಲಿಗೆ ಬಂದು ಕೂತಿದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೇನೆಯನ್ನು ಇಲ್ಲಿಗೆ ತಂದು ದಂಡು ಕಟ್ಟಿದ ಮೇಲೆ ಅದರ ಹಿಂದೆ ತಮಿಳು, ತೆಲುಗು, ದಖನಿ ಉರ್ದು ಆಡುವ ಕುಟುಂಬಗಳು ಬಂದು ನೆಲೆಸಿದವು. 1949ರಲ್ಲಿ ದಂಡು ಮತ್ತು ಪೇಟೆ ಒಂದೇ ನಗರಪಾಲಿಕೆಯಾಗುವವರೆಗೆ ಎರಡಕ್ಕೂ ಬೇರೆ ಬೇರೆ ಆಡಳಿತ. ಈ ಭಾಗದ ನುಡಿಗಳ ಬಗ್ಗೆ ಜಗಳವಾಡಿದವರು ಬಹಳ. ಆದರೆ ಬೆಳಗಿನ ಪೊರಕೆ ಹಿಡಿದ ಕೈ ಯಾವ ನುಡಿಯದ್ದೇ ಆಗಲಿ, ಅದು ಆಡುವ ಮಾತು ಎರಡು ಮನೆಗಳಿಗೂ ಸೇರಿದ ಪಿತ್ರಾರ್ಜಿತ.

ಕೈ ಒಂದೇ, ಬೀಸು ಒಂದೇ

ಇನ್ನು ಮೊದಲ ಪ್ರಶ್ನೆಗೆ ಬರೋಣ. ಹಚ್ಚುವುದಕ್ಕೂ ತೆಗೆಯುವುದಕ್ಕೂ ಒಂದೇ ಮಾತು ಏಕೆ?

ಉತ್ತರ ಅಂಗೈಯಲ್ಲಿದೆ. ಗೋಡೆಗೆ ಸುಣ್ಣ ಹಚ್ಚುವವರ ಕೈಯನ್ನೂ ಮೇಜು ಒರೆಸುವವರ ಕೈಯನ್ನೂ ದೂರದಿಂದ ನೋಡಿ. ಅಂಗೈ ಮೇಲ್ಮೈಗೆ ಒತ್ತುತ್ತದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ಕೈಯ ಚಲನೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕೈ ಎತ್ತಿದ ಮೇಲೆ ಅಲ್ಲಿ ಏನು ಉಳಿಯಿತು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಹಳಬರು ಹೆಸರಿಟ್ಟದ್ದು ಉಳಿದದ್ದಕ್ಕಲ್ಲ, ಕೈಯ ಬೀಸಿಗೆ.

ಇದನ್ನು ನಂಬಲು ಹಳಗನ್ನಡಕ್ಕೇ ಹೋಗಬೇಕಾಗಿಲ್ಲ. ನಾವು ದಿನಾ ಆಡುವ 'ಬಳಿ'ಯನ್ನೇ ನೋಡಿ. ಗೋಡೆಗೆ ಸುಣ್ಣ ಬಳಿಯುತ್ತೇವೆ, ಅಲ್ಲಿ ಬಳಿಯುವುದು ಹಚ್ಚುವುದು. ತಪ್ಪಲೆಯ ತಳ ಬಳಿಯುತ್ತೇವೆ, ತಟ್ಟೆ ಬಳಿದು ಉಣ್ಣುತ್ತೇವೆ, ಅಲ್ಲಿ ಬಳಿಯುವುದು ಒಂದಿಷ್ಟೂ ಬಿಡದೆ ತೆಗೆಯುವುದು. ದನ ಕಟ್ಟಿದ ಮನೆಯಲ್ಲಿ ಬೆಳಗ್ಗೆ ಕೊಟ್ಟಿಗೆಯ ಸಗಣಿ ಬಳಿದು ಎತ್ತುತ್ತಾರೆ, ಮರುಗಳಿಗೆ ಅದೇ ಸಗಣಿಯನ್ನು ನೆಲಕ್ಕೆ ಬಳಿಯುತ್ತಾರೆ. ಒಂದೇ ಬೆಳಗು, ಒಂದೇ ಕೈ, ಒಂದೇ ಮಾತು, ಎರಡು ಕೆಲಸ. ಕೇಳಿದವರು ಯಾರೂ ಗೊಂದಲಪಡುವುದಿಲ್ಲ. ರುಬ್ಬುವ ಕಲ್ಲಿನಿಂದ ಹಿಟ್ಟು ತೆಗೆಯುವಾಗ ನಾವು ಬಳಿದು ತೆಗೆ ಎಂದರೆ ಅಕ್ಕ 'ವಳಿಚ್ಚು ಎಡು' ಎನ್ನುತ್ತಾರೆ. ವಾಳೈ ಬಾಳೆಯಾದಂತೆ, ವೆಲ್ಲಂ ಬೆಲ್ಲವಾದಂತೆ ಅವರ ವಕಾರ ನಮ್ಮ ಬಕಾರ.

ಹಚ್ಚು ಎಂಬ ಮಾತಿನ ಕಥೆಯೂ ಹೀಗೆಯೇ ಬೆರಗಿನದು. ಎಣ್ಣೆ ಹಚ್ಚು, ದೀಪ ಹಚ್ಚು. ಜಿಡ್ಡಿಗೂ ಜ್ವಾಲೆಗೂ ಒಂದೇ ಕ್ರಿಯೆ ಏಕೆ? ಹತ್ತು ಎಂದರೆ ಅಂಟು. ಬೆಂಕಿ ಹತ್ತುತ್ತದೆ, ಬಣ್ಣ ಹತ್ತುತ್ತದೆ. ಹತ್ತುವಂತೆ ಮಾಡಿದರೆ ಹಚ್ಚಿದಂತೆ. ಬತ್ತಿಗೆ ಬೆಂಕಿ ಅಂಟಿಸುವುದೂ ನೆತ್ತಿಗೆ ಎಣ್ಣೆ ಅಂಟಿಸುವುದೂ ಈ ನುಡಿಯ ಕಣ್ಣಿಗೆ ಒಂದೇ ಕೆಲಸ.

ಹಚ್ಚುವುದು ಮತ್ತು ತೆಗೆಯುವುದು ವಿರುದ್ಧ ಎಂಬುದೇ ನಮ್ಮ ಕಾಲದ ಎಣಿಕೆಯಿರಬೇಕು. ಹಳೆಯ ಬದುಕಿನಲ್ಲಿ ಅವು ಒಂದೇ ಕೆಲಸದ ಎರಡು ಅರ್ಧ. ಕೂಸಿಗೆ ಎಣ್ಣೆ ಹಚ್ಚುವುದು ಕಡಲೆಹಿಟ್ಟು ಉಜ್ಜಿ ತೆಗೆಯುವುದಕ್ಕೇ. ದೀಪಾವಳಿಯ ಎಣ್ಣೆನೀರಿನಲ್ಲಿ ಎಣ್ಣೆ ಹೋಗುವವರೆಗೆ ಸ್ನಾನ ಮುಗಿದಂತಲ್ಲ. ಮದುವೆಯ ಅರಿಶಿನದ ಶಾಸ್ತ್ರದಲ್ಲಿ ಹಚ್ಚುವವರು ಒಬ್ಬರಾದರೆ ನೀರೆರೆಯಲು ಇನ್ನೊಬ್ಬರು ಕಾದಿರುತ್ತಾರೆ. ನೆಲದ ವಿಚಾರದಲ್ಲಂತೂ ಬಳಿಯುವುದೇ ಶುಚಿಮಾಡುವುದು. ಸಗಣಿ ಬಗ್ಗಡ ಎಳೆದು ಸಾರಿಸಿದರೆ ಮಣ್ಣಿನ ನೆಲದ ಧೂಳು ಕೂತುಕೊಳ್ಳುತ್ತದೆ, ಬಿರುಕು ಮುಚ್ಚುತ್ತದೆ. ಸಾರಣೆಯ ಜೊತೆ ಕಾರಣೆಯೂ ಸೇರಿದರೆ, ಎಂದರೆ ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಬಿದ್ದರೆ, ಹಬ್ಬ ಬಂದಂತೆ.

ಕೆ.ಆರ್. ಪುರ, ವರ್ತೂರು, ಹೊಸಕೋಟೆಯ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ಕಂಡವರು ಕಣವನ್ನು ನೆನೆಯಲಿ. ನೆಲ ಕೆತ್ತಿ, ನೀರು ಹಾಕಿ, ತುಳಿದು ಗಟ್ಟಿಮಾಡಿ, ಮೇಲೆ ಸಗಣಿ ಬಳಿದ ಮೇಲೆಯೇ ತೆನೆ ಹರಡುವುದು. ರಾಗಿಯ ಕಾಳು ಸಾಸಿವೆಯಷ್ಟು ಸಣ್ಣದು. ಬಿರುಕಿಗೆ ಬಿದ್ದದ್ದು ಮತ್ತೆ ಸಿಗದು, ಮಣ್ಣು ಬೆರೆತರೆ ಮುದ್ದೆಯಲ್ಲಿ ಹಲ್ಲಿಗೆ ಸಿಗುತ್ತದೆ. ಕಾಳನ್ನು ಕೇರುವ ಮೊರದ ಸಂದುಗಳಿಗೂ ನೆನೆಸಿದ ಕಾಗದ, ಮೆಂತ್ಯ ಅರೆದು ಬಳಿಯುತ್ತಿದ್ದರು. ಆ ನೆಲದಲ್ಲಿ ಈಗ ಕಟ್ಟಡಗಳೆದ್ದಿವೆ. ಕಣ ಹೋದಾಗ ಕಣಕ್ಕೆ ಬಳಿಯುವ ಕೆಲಸವೂ ಹೋಯಿತು. ಕೆಲಸ ಹೋದ ಮೇಲೆ ಮಾತು ಎಷ್ಟು ದಿನ ನಿಂತೀತು?

ಶಿವಾಜಿನಗರದ ಒದ್ದೆ ಕೈ, ಎಣ್ಣೆ ಕೈ

ಒಂದೇ ಬೀಸಿಗೆ ಎರಡು ಅರ್ಥ ಕೊಟ್ಟವರು ನಾವು ಮಾತ್ರವೇ? ಅದಕ್ಕೆ ಉತ್ತರವೂ ಹಲಸೂರಿನಿಂದ ದೂರವಿಲ್ಲ.

ಶಿವಾಜಿನಗರದಲ್ಲಿ 1927ರ ರಸೆಲ್ ಮಾರುಕಟ್ಟೆಯ ಹತ್ತಿರವೇ ಸಂತ ಮರಿಯಮ್ಮನ ಬೆಸಿಲಿಕಾ ಇದೆ. ಇಂದಿನ ಕಟ್ಟಡ 1882ರದು, ಬೆಸಿಲಿಕಾ ಎಂಬ ಮನ್ನಣೆ 1974ರಲ್ಲಿ ಬಂತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಟ್ಟೆ ಉಟ್ಟು ಹರಕೆ ಹೊತ್ತು ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಅಲ್ಲಿ ಪೂಜೆಗೊಳ್ಳುವ ಹೆಸರೇ ಬಳಿಯುವ ಕೆಲಸದಿಂದ ಹುಟ್ಟಿದ್ದು. ಗ್ರೀಕಿನ 'ಖ್ರಿಯೋ' ಎಂದರೆ ಎಣ್ಣೆ ಬಳಿ, ತೈಲ ಸವರು. ತೈಲ ಸವರಿಸಿಕೊಂಡವನು ಕ್ರಿಸ್ತ. ಅದು ಹೀಬ್ರೂವಿನ 'ಮಾಶಿಯಾಖ್' ಎಂಬುದರ ಅನುವಾದ. ಪ್ರಾಚೀನ ಯೆಹೂದ್ಯರು ಅರಸನನ್ನೂ ಯಾಜಕನನ್ನೂ ಎಣ್ಣೆ ಹಚ್ಚಿ ನೇಮಿಸುತ್ತಿದ್ದರು. ಇಂದಿಗೂ ಕೂಸಿನ ದೀಕ್ಷಾಸ್ನಾನದಲ್ಲಿ, ಗುರುಪಟ್ಟದಲ್ಲಿ, ಕಾಯಿಲೆ ಬಿದ್ದವರ ಹಣೆ ಮತ್ತು ಅಂಗೈಯ ಮೇಲೆ ಅದೇ ಎಣ್ಣೆಯ ಬೆರಳು ಆಡುತ್ತದೆ. ಬೂದಿ ಬುಧವಾರ ಹಣೆಗೆ ಹಚ್ಚುವುದು ಹಿಂದಿನ ವರ್ಷದ ಗರಿಗಳ ಹಬ್ಬದ ಗರಿ ಸುಟ್ಟ ಬೂದಿ. ಹಲಸೂರಿನ ಸೋಮೇಶ್ವರನ ಗುಡಿಯಿಂದ ವಿಭೂತಿ ಹಚ್ಚಿಕೊಂಡು ಬಂದ ಹಣೆಯೂ ಅಂದು ಒಂದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿರುತ್ತದೆ.

ಹೀಬ್ರೂವಿನ ಆ ಧಾತುವಿಗೆ ಅರಬ್ಬಿಯಲ್ಲಿ ಒಂದು ಒಡಹುಟ್ಟಿದೆ: 'ಮಸಹ'. ಅರ್ಥ? ಒರೆಸು, ಕೈಯಾಡಿಸು. ನಮಾಜಿಗೆ ಮೊದಲು ವುಜೂ ಮಾಡುವಾಗ ಒದ್ದೆ ಅಂಗೈಯನ್ನು ತಲೆಯ ಮೇಲೆ ಎಳೆದುಕೊಳ್ಳುವುದಕ್ಕೆ 'ಮಸಹ್' ಎಂದೇ ಹೆಸರು. ಆ ಕೈ ನೀರು ಹಚ್ಚಿತೋ ಮಲಿನ ಒರೆಸಿತೋ? ಎರಡೂ. ನಮಾಜು ಮಾಡುವ ಅದೇ ಬಾಯಿ ಯೇಸುವನ್ನು 'ಈಸಾ ಮಸೀಹ್' ಎಂದು ಗೌರವದಿಂದ ಕರೆಯುತ್ತದೆ. ಮಸೀದಿಯ ಕೊಳಾಯಿಯ ಮುಂದಿನ ಒದ್ದೆ ಕೈಗೂ ಚರ್ಚಿನ ಪೀಠದ ಎಣ್ಣೆ ಕೈಗೂ ಒಂದೇ ಬೇರಿನ ಮಾತು. ಕನ್ನಡದ ತೊಡೆಗೂ ಈ ಮಾತಿಗೂ ರಕ್ತಸಂಬಂಧವಿಲ್ಲ. ಆದರೂ ಸಾವಿರಾರು ಮೈಲಿ ಆಚೆಯ ಮರುಭೂಮಿಯ ಜನಕ್ಕೂ ಮಲೆನಾಡಿನ ಮಳೆಯ ಜನಕ್ಕೂ ಅಂಗೈ ಕಲಿಸಿದ ಪಾಠ ಒಂದೇ ಆಗಿತ್ತು.

ಮಸಿಯ ಮಾನ

ಹೀಗೆ ಎಣ್ಣೆ, ಗಂಧ, ಬೂದಿ, ಸಗಣಿ ಎಲ್ಲವೂ ಮಾನ ತರುವ ಲೇಪಗಳು. ಹಾಗಿದ್ದೂ ಇಂದು ಬಳಿಯುವುದು ಎಂದೊಡನೆ ಸುದ್ದಿ ಓದುವವರ ಮನಸ್ಸಿಗೆ ಮೊದಲು ಬರುವುದು ಮಸಿ. ಮುಖಕ್ಕೆ ಮಸಿ ಬಳಿದರು, ಮನೆತನದ ಹೆಸರಿಗೆ ಮಸಿ ಬಳಿದ. ಮೋಸದ ಲೇಪಗಳಿಗೂ ನಮ್ಮಲ್ಲಿ ಬರವಿಲ್ಲ. ಸುಳ್ಳು ಆಸೆ ತೋರಿದರೆ ಮೂಗಿಗೆ ತುಪ್ಪ ಸವರಿದಂತೆ. ತಾರತಮ್ಯ ಮಾಡಿದರೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಇಂಗ್ಲಿಷಿನಲ್ಲಿ ಕೆಸರೆರಚುವ ಅಪಪ್ರಚಾರಕ್ಕೆ ಬಳಸುವ 'ಸ್ಮಿಯರ್' ಎಂಬ ಮಾತೂ ಹುಟ್ಟುವಾಗ ಕೆಟ್ಟದ್ದಾಗಿರಲಿಲ್ಲ. ಅದರ ಬೇರಿಗೆ ಕೊಬ್ಬು, ಜಿಡ್ಡು ಎಂದು ಅರ್ಥ, ಸ್ವೀಡನ್ನಿನವರು ಬೆಣ್ಣೆಗೆ ಇಂದಿಗೂ ಅದೇ ಬೇರಿನ 'ಸ್ಮೊರ್' ಎನ್ನುತ್ತಾರೆ. ಬೆಣ್ಣೆ ಹಚ್ಚುತ್ತಿದ್ದ ಮಾತೇ ಕಡೆಗೆ ಹೆಸರು ಕೆಡಿಸುವ ಕೆಲಸಕ್ಕೆ ಇಳಿಯಿತು.

ಆದರೆ ಮಸಿಯನ್ನೇ ಅಪರಾಧಿ ಮಾಡುವ ಮೊದಲು ಇಂದಿರಾನಗರದ ಪಕ್ಕದ ದೊಮ್ಮಲೂರಿಗೆ ಬನ್ನಿ. ಅಲ್ಲಿನ ಚೊಕ್ಕನಾಥಸ್ವಾಮಿ ಗುಡಿಯ ಕಲ್ಲುಗಳಲ್ಲಿ ಹಳೆಯ ತಮಿಳು ಶಾಸನಗಳಿವೆ. ಅವನ್ನು ಓದಿ ಅಚ್ಚಿಗೆ ತಂದದ್ದು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ, ಅದರ ಒಂಬತ್ತನೆಯ ಸಂಪುಟ, 1905. ರೈಸ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1837ರಲ್ಲಿ. ಶಾಸನ ಓದುವವರು ಕಲ್ಲಿನಿಂದ ಪಡಿಯಚ್ಚು ತೆಗೆಯುವ ಬಗೆ ಹೀಗೆ. ಕಲ್ಲನ್ನು ಉಜ್ಜಿ ತೊಳೆಯುತ್ತಾರೆ. ಒದ್ದೆ ಕಾಗದ ಹೊದಿಸಿ, ಕುಂಚದಿಂದ ತಟ್ಟಿ ತಟ್ಟಿ ಅಕ್ಷರದ ಗುಂಡಿಗಳೊಳಕ್ಕೆ ಇಳಿಸುತ್ತಾರೆ. ಆಮೇಲೆ ಬಟ್ಟೆಯ ಉಂಡೆಯಿಂದ ಇಡೀ ಕಾಗದಕ್ಕೆ ಮಸಿ ಬಳಿಯುತ್ತಾರೆ. ಉಬ್ಬಿದ ಜಾಗವೆಲ್ಲ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರಕ್ಕೆ ಮಸಿ ಮುಟ್ಟುವುದಿಲ್ಲ. ನೂರಾರು ವರ್ಷ ಯಾರ ಕಣ್ಣಿಗೂ ಬೀಳದ ಹೆಸರುಗಳು ಕಪ್ಪಿನ ನಡುವೆ ಬೆಳ್ಳಗೆ ಎದ್ದು ನಿಲ್ಲುತ್ತವೆ. ಒಂದು ಕಡೆ ಗುಡಿಗೆ ಸುಣ್ಣ ಬಣ್ಣ ಬಳಿಯುವ ಭಕ್ತಿಯಲ್ಲಿ ಎಷ್ಟೋ ಊರುಗಳ ಶಾಸನ ಮುಚ್ಚಿಹೋಗಿದೆ. ಇನ್ನೊಂದು ಕಡೆ ಮಸಿ ಬಳಿದ ಕೈ ಅವನ್ನು ಉಳಿಸಿದೆ. ಹೆಸರು ಅಳಿದದ್ದು ಸುಣ್ಣದಿಂದ, ಉಳಿದದ್ದು ಮಸಿಯಿಂದ!

ಇದೇ ರೈಸ್ 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕಂಡರು. ಅದರ ಕೊನೆಗೆ ಬರೆದವನು ತನ್ನ ಹೆಸರು ಬಿಟ್ಟಿದ್ದಾನೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ತನ್ನ ಕಸುಬನ್ನು ಹೇಳುವ 'ಲಿಪಿಕರೇಣ' ಎಂಬ ಒಂದು ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ, ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದ. 'ಲಿಪಿ'ಯನ್ನು ಸಂಸ್ಕೃತದ ವೈಯಾಕರಣರು 'ಲಿಪ್' ಧಾತುವಿಗೆ ಸೇರಿಸಿದರು, ಎಂದರೆ ಬಳಿಯುವುದಕ್ಕೆ. ಇಂದಿನ ಅನೇಕ ವಿದ್ವಾಂಸರು ಅದನ್ನು ಹಳೆಯ ಪರ್ಶಿಯನ್ನಿನ 'ದಿಪಿ'ಯಿಂದ ಬಂದದ್ದೆನ್ನುತ್ತಾರೆ. ಅಶೋಕನದೇ ಶಹಬಾಜ್‌ಗಢಿಯ ಶಾಸನದಲ್ಲಿ ದಿಪಿ ಎಂದೇ ಇದೆ. ಹೊರಗಿನಿಂದ ಬಂದ ಮಾತು ಇಲ್ಲಿನ ಲಿಪ್ ಧಾತುವಿನ ಬಣ್ಣ ಬಳಿದುಕೊಂಡು ಮನೆಯದೇ ಆಯಿತು. ಅದೇ ಧಾತು ನಮಗೆ ಲೇಪ ಕೊಟ್ಟಿತು, ಯಾವುದನ್ನೂ ಅಂಟಿಸಿಕೊಳ್ಳದ ನಿರ್ಲಿಪ್ತನನ್ನು ಕೊಟ್ಟಿತು, 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಸೇರಿದ ದೇಶಗಳಿಗೆ ಅಲಿಪ್ತ ರಾಷ್ಟ್ರಗಳು ಎಂಬ ಹೆಸರನ್ನೂ ಕೊಟ್ಟಿತು.

ಸರ್ಕಾರಿ ಕಚೇರಿಯ 'ಕಡತ'ವೂ ಬಳಿದು ಮಾಡಿದವುಗಳ ಕುಟುಂಬಕ್ಕೆ ಸೇರಬೇಕು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಕಪ್ಪು ಪುಸ್ತಕವೇ ಹಿಂದಿನ ಕಡತ. ಬರೆಯುತ್ತಿದ್ದದ್ದು ಬಳಪದಿಂದ. ಬೇಡವಾದದ್ದನ್ನು ಒರೆಸಿ, ಮೇಲೆ ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದಿತ್ತು. ತೊಡೆ ಎಂಬ ಮಾತಿನ ಎರಡೂ ಅರ್ಥ ಒಂದೇ ಬಟ್ಟೆಯ ಮೇಲೆ ನಡೆಯುತ್ತಿತ್ತು.

ಇನ್ನೊಂದು ಮಸಿ ನಮ್ಮೆಲ್ಲರ ಬೆರಳಿನ ಮೇಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಕಟ್ಟಿಸಿದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಮತದಾರರ ಶಾಯಿ ಮಾಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಎಷ್ಟು ಉಜ್ಜಿದರೂ ಹೋಗದು. ಮಸಿ ಹಚ್ಚಿಸಿಕೊಂಡ ಬೆರಳನ್ನು ಎತ್ತಿ ತೋರಿಸುವುದು ಹೆಮ್ಮೆ. ಮುಖಕ್ಕಾದರೆ ಅವಮಾನ, ಕಲ್ಲಿಗಾದರೆ ಚರಿತ್ರೆ, ಬಟ್ಟೆಗಾದರೆ ದಾಖಲೆ, ಬೆರಳಿಗಾದರೆ ಪೌರತ್ವ. ಮಸಿ ಒಂದೇ. ಅದರ ಮಾನ ಅವಮಾನವೆಲ್ಲ ಬಳಿಯುವ ಕೈಯದ್ದು.

ಅರ್ಧವಾದ ಮಾತು

ತೊಡೆ ತನ್ನ ಅರ್ಧ ಕಳೆದುಕೊಂಡದ್ದಕ್ಕೆ ನನಗೆ ನಿಜವಾಗಿ ನೋವಿದೆ. ಹಚ್ಚುವ ಅರ್ಥ ಬಿದ್ದುಹೋಗಿ ಅಳಿಸುವ ಅರ್ಥ ಮಾತ್ರ ಉಳಿಯುವುದು ಬರೀ ನಿಘಂಟಿನ ನಷ್ಟವಲ್ಲ. ಆ ಮಾತಿನೊಳಗೆ ಒಂದು ತಿಳಿವಳಿಕೆ ಇತ್ತು: ಯಾವ ಕೈ ಕೆಡಿಸಬಲ್ಲದೋ ಅದೇ ಕೈ ತೊಳೆಯಬಲ್ಲದು, ಹಚ್ಚಿದವರೇ ಒರೆಸಬೇಕು, ಎರಡಕ್ಕೂ ಬೇಕಾದದ್ದು ಒಂದೇ ಅಂಗೈ. ಈಗ ಮಸಿ ಬಳಿಯುವವರು ಒಂದು ಪಂಗಡ, ತೊಡೆದುಹಾಕುವವರು ಇನ್ನೊಂದು ಪಂಗಡ ಎಂಬಂತೆ ಮಾತಾಡುತ್ತೇವೆ. ತೊಡೆದುಹಾಕಬೇಕಾದವರ ಪಟ್ಟಿಯಲ್ಲಿ ಮನುಷ್ಯರ ಹೆಸರೂ ಸೇರಿಕೊಂಡು ಮಾತು ಇನ್ನಷ್ಟು ಕಟುವಾಗುತ್ತಿದೆ. ಅಂಥ ಭಾಷಣ ಕಿವಿಗೆ ಬಿದ್ದಾಗಲೆಲ್ಲ ಆ ಬೋರಲು ಮಡಕೆ ನೆನಪಾಗುತ್ತದೆ. ತೊಡೆ ಎಂಬ ಮಾತಿಗೆ ಅಲ್ಲಿ ಇನ್ನೂ ಸಿಹಿ ಅಂಟಿಕೊಂಡಿದೆ.

ಆ ಅರ್ಥವನ್ನು ಕಾಪಾಡಿದ್ದು ಪಂಡಿತರ ಸಭೆಯಲ್ಲ. ಹೊಗೆಗೆ ಕಣ್ಣು ಉರಿಸಿಕೊಂಡು, ಮಡಕೆಯ ಕಾವಿಗೆ ಬೆರಳು ಒಡ್ಡಿದ ಹೆಂಗಸರು. ಇನ್ನರ್ಧವನ್ನು ಕಾಪಾಡಿದ್ದು ಹಲಸೂರಿನಂಥ ಬೀದಿಗಳಲ್ಲಿ ಬೆಳಗಿನ ಜಾವ ಪೊರಕೆ ಹಿಡಿದವರು. ಎರಡೂ ಅರ್ಧ ಅಂದು ನಮ್ಮ ಹೊಸ್ತಿಲಲ್ಲಿ ಎದುರುಬದುರಾಗಿ ನಿಂತಿದ್ದವು ಎಂಬುದು ನನಗೆ ತಡವಾಗಿ ಹೊಳೆಯಿತು.

ಅಂದು ಸಂಜೆ ತಟ್ಟೆ ಮರಳಿಸಲು ಅಕ್ಕ ಬಂದರು. ನಾನು ಹೇಳಿಕೊಟ್ಟಂತೆ ತುಪ್ಪ ಹಾಕಿ, ಬಿಸಿ ಹಾಲಿನಲ್ಲಿ ನೆನೆಸಿ ತಿಂದರಂತೆ. ತಟ್ಟೆ ಬರಿದಾಗಿ ಬಂದಿರಲಿಲ್ಲ, ಎರಡು ಬಾಳೆಹಣ್ಣು ಇಟ್ಟಿದ್ದರು.

"ಚೆನ್ನಾಗಿತ್ತಾ ಅಕ್ಕಾ?"

"ಕೊನೇ ತೊಟ್ಟು ಹಾಲು ಕೂಡ ಬಿಡ್ಲಿಲ್ಲಮ್ಮಾ. ಬೆರಳಲ್ಲಿ ತೊಡಚ್ಚಿ ತಿಂದ್ಬಿಟ್ಟೆ."

ಬಳಿದು ಮಾಡಿದ್ದನ್ನು ಬಳಿದು ಉಂಡಿದ್ದರು. ತೊಡೆದದ್ದನ್ನು ತೊಡೆದು ಮುಗಿಸಿದ್ದರು. ಈ ಬಾರಿ ನಾನು ಅವರ ಮಾತನ್ನು ತಿದ್ದಲಿಲ್ಲ.